ಶರಣಪ್ಪ ಕಾಕಾನ ಹಿಮ್ಮಡಿ

ಶರಣಪ್ಪ ಕಾಕಾ ಚಪ್ಪಲಿ ಹಾಕುತ್ತಿರಲಿಲ್ಲ. ಹೊಲದಲ್ಲಿ ಹೋಗುತ್ತಾ ಹೋಗುತ್ತಾ ಒಂದು ಕಡೆ ನಿಂತು, ಬಲಗಾಲ ಹಿಮ್ಮಡಿಯನ್ನು ಎರಡು ಸಲ ಕುಟ್ಟಿ, "ಇಲ್ಲಿ ಯಾವಾಗೋ ಅಗದಾರ ನೋಡು" ಅನ್ನುತ್ತಿದ್ದ. ನನ್ನ ಕಣ್ಣಿಗೆ ತೊಗರಿ ಕೂಳೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. "ಒಮ್ಮೆ ಅಗದ ಮಣ್ಣು ಮತ್ತ ಮೊದಲಿನಂಗ ಗಟ್ಟಿ ಆಗಂಗಿಲ್ಲ ತಮ್ಮಾ. ಮನುಷ್ಯಾನಂಗ ಅದು."

ಗಡಿಯಾಚೆ, ತೆಲುಗು ನಾಡಿನ ಮಕ್ತಲ್ ಹತ್ತಿರದ ನಮ್ಮೂರಲ್ಲಿ ಯಾರು ಸತ್ತರೂ ಕುಣಿ ತೋಡುವವನು ಅವನೇ. ಕೂಲಿಗಲ್ಲ, ಮನೆತನದ ಸೇವೆ ಅದು. ನಮ್ಮಲ್ಲಿ ಸತ್ತವರನ್ನು ಮಲಗಿಸದೆ ಕೂಡಿಸಿ ಮಣ್ಣು ಕೊಡುತ್ತಾರೆ. ಅದಕ್ಕೆ ಕುಣಿಯ ಒಳಗೋಡೆಯಲ್ಲಿ ಗೂಡು ಕೊರೆಯಬೇಕು. ಆ ಗೂಡು ದೇವರ ಜಗಲಿಯಷ್ಟು ನುಣ್ಣಗಿರುತ್ತಿತ್ತು. ಕೊನೆಗೆ ತಾನು ಒಂದು ಹಿಡಿ ಮಣ್ಣು ಹಾಕಿ, ಇನ್ನೊಬ್ಬರು ಹಾಕುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ. "ಒಬ್ಬನ ಹಾಕಿದ್ರ ಅದು ಮಣ್ಣು ಕೊಟ್ಟಂಗಲ್ಲೋ, ಮುಚ್ಚಿಟ್ಟಂಗ" ಅನ್ನುತ್ತಿದ್ದ.

ನಾನು ನಾರಾಯಣಪೇಟೆಯಲ್ಲಿ ಬಿ.ಕಾಂ. ಓದುತ್ತಿದ್ದೆ. ಹಳೇ ಮಡಕೆ, ಹಳೇ ಗೋರಿ ಅಂತ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ತಲೆ ಕೆಡಿಸಿಕೊಂಡಿದ್ದೆ. ಊರಾಚೆಯ ದಿಬ್ಬದ ಮೇಲೆ ಬಗ್ಗಿಕೊಂಡು ಓಡಾಡುತ್ತಿದ್ದಾಗ ಅವನೇ ಮಾತಾಡಿಸಿದ್ದು.

"ಏನಲೇ ತಮ್ಮಾ, ಬೆಲ್ಲ ಚೆಲ್ಲೇತೇನು? ಇರುವಿ ಹಂಗ ನೆಲ ಮೂಸಾಕ ಹತ್ತಿ?"

ಕಪ್ಪು-ಕೆಂಪು ಬಣ್ಣದ ಮಡಕೆ ಚೂರು, ಒಂದು ಬೋಕಿ ತೋರಿಸಿದೆ. "ಕಾಕಾ, ಇದು ಸಾವಿರಾರು ವರ್ಷ ಹಳೇ ಮಡಕಿ!"

"ಹಂಗಾರ ಒಡದವ ಸಿಗಂಗಿಲ್ಲ ಬಿಡು."

ಅಂದಿನಿಂದ ಅವನ ಹಿಂದೆ ಬಿದ್ದೆ. ಯಾವ ವಿಡಿಯೋದಲ್ಲೂ ಇಲ್ಲದ್ದನ್ನು ಅವನ ಹಿಮ್ಮಡಿ ಕಲಿಸಿತು.

ಒಂದು ಸಂಕ್ರಾಂತಿ ಮುಗಿದ ಮೇಲೆ ದಿಬ್ಬ ಅಗೆಯಲು ಪಟ್ಟಣದಿಂದ ಪುರಾತತ್ವದ ತಂಡ ಬಂತು; ನಾನೂ ಕಾಕಾನೂ ಕೆಲಸಕ್ಕೆ ಸೇರಿದೆವು. ಅದರ ಮುಖ್ಯಸ್ಥರನ್ನು ಎಲ್ಲರೂ ಸಾರ್ ಅನ್ನುತ್ತಿದ್ದರು. ಬೇಸಿಗೆಯಲ್ಲಿ ಪರದೇಶದಲ್ಲಿ ಉತ್ಖನನದ ಶಾಲೆ ನಡೆಯುತ್ತದೆ, ಕಾಲೇಜು ಹುಡುಗರು ಅಲ್ಲಿ ತಿಂಗಳಿದ್ದು ಅಗೆಯುವುದನ್ನು ಕಲಿಯುತ್ತಾರೆ. ಬಿ.ಕಾಂ. ಹುಡುಗನಿಗೆ ಅಲ್ಲಿ ಜಾಗ ಸಿಗಬೇಕಾದರೆ ಸಾರ್ ಶಿಫಾರಸು ಪತ್ರ ಕೊಡಬೇಕು. "ಕೊಡ್ತೀನಿ, ಕೆಲಸ ನೋಡಿ" ಅಂದಿದ್ದರು. ನನಗೆ ಆಗ ಬೇರೆ ಯಾವುದೂ ಬೇಕಿರಲಿಲ್ಲ.

ಎಲ್ಲಿ ಅಗೆಯಬೇಕೆಂದು ತೋರಿಸಿದ್ದು ಕಾಕಾನ ಹಿಮ್ಮಡಿ. ನಾಲ್ಕನೇ ದಿನ ಒಂದು ಅಸ್ಥಿಪಂಜರ ಸಿಕ್ಕಿತು. ಎಲುಬಿನ ಮಾದರಿ ತೆಗೆಯುವವರು ಬರುವವರೆಗೆ ಯಾರೂ ಮುಟ್ಟಬಾರದು ಅಂದರು ಸಾರ್. ಎರಡು ದಿನ ಅದು ಬಾಯಿ ತೆರೆದುಕೊಂಡು ಬಿಸಿಲಿಗೆ ಬಿದ್ದಿತ್ತು. ಎಲ್ಲರೂ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದರು.

"ಹೆಣ ಮುಂದಿಟ್ಕೊಂಡು ರೊಟ್ಟಿ ಹೆಂಗ ಇಳಿತೈತೋ ನಿಮಗ?" ಅಂದ ಕಾಕಾ. ಅವನು ಉಣ್ಣಲಿಲ್ಲ.

ಅದು ಸಿಕ್ಕ ಮೂರನೇ ದಿನ ಮುಂಜಾನೆ ನಾನು ಬೇಗ ಹೋದೆ. ಕಾಕಾ ಆಗಲೇ ಕುಣಿಯಲ್ಲಿದ್ದ. ತಲೆಬುರುಡೆಯ ಹಣೆಗೆ ವಿಭೂತಿ, ಎದೆಗೂಡಿನ ಮೇಲೆ ಬಿಲ್ವಪತ್ರಿ. ಕೈಯಲ್ಲಿ ಮಣ್ಣು ಹಿಡಿದು ಯಾರೋ ಬರಲಿ ಅಂತ ಕಾಯುತ್ತಿದ್ದಂತಿತ್ತು.

"ಚಲೋ ಆತು, ಬಂದಿ. ನೀನೂ ಒಂದ್ ಹಿಡಿ ಹಾಕು."

"ಕಾಕಾ, ಸಾರ್ ಬೈತಾರ..."

"ಸತ್ತಾವ ನಮ್ಮ ಸಾರ್‌ಗಿಂತ ಹಿರ್ಯಾ ಅದಾನ. ಹಾಕು."

ಹಾಕಿದೆ.

ಎಂಟು ಗಂಟೆಗೆ ಸಾರ್ ಬಂದು ನೋಡಿದರು. ವಿಭೂತಿ, ಹೊಸ ಮಣ್ಣು ತಾಗಿ ಎಲುಬಿನ ಮಾದರಿ ಕೆಟ್ಟಿತ್ತು. "ಎವರು ಚೇಶಾರು ಇದಿ?" ಎಂದು ತೆಲುಗಿನಲ್ಲಿ ಕಿರುಚಿದರು. ಯಾರು ಮಾಡಿದ್ದು? ಬಾಯಿ ಬಿಟ್ಟವನು ನಾನು.

"ಶರಣಪ್ಪ, ಸಾರ್."

ಕಾಕಾ ನನ್ನ ಮುಖ ನೋಡಿದ, ಬಹಳ ಹೊತ್ತೇನಲ್ಲ. "ಹೌದ್ರಿ. ನಾನೊಬ್ಬನ ಹಾಕೀನಿ" ಅಂದ. ಮಣ್ಣು ಹೊರುವ ಪುಟ್ಟಿ ಬೋರಲು ಹಾಕಿ ಊರ ಕಡೆ ನಡೆದ. ಪತ್ರ ನನಗೆ ಅದೇ ವಾರ ಸಿಕ್ಕಿತು.

ಪರದೇಶದ ಆ ಶಾಲೆಯಲ್ಲಿ ನಾವು ಅಗೆದದ್ದೂ ಹಳೇ ಸ್ಮಶಾನವೇ. ಮೊದಲ ದಿನ ಯಾರ ಕೈಗೂ ಗುದ್ದಲಿ ಕೊಡಲಿಲ್ಲ. ಆ ಊರಿನ ಹಿರಿಯಳೊಬ್ಬಳು ಬಂದು ಸತ್ತವರಿಗೆ ಏನೋ ಹೇಳಿದಳು, ನಾವು ತಲೆ ಬಗ್ಗಿಸಿ ನಿಂತೆವು. ಸಂಜೆಯಾದರೆ ಎಲುಬಿಗೆ ಬಿಳಿ ಬಟ್ಟೆ ಹೊದಿಸುತ್ತಿದ್ದೆವು. ಅಲ್ಲಿ ಅದೇ ಮೊದಲ ಪಾಠ. ನಿಮ್ಮಲ್ಲಿ ಹೇಗೆ ಅಂತ ಮೇಷ್ಟರು ಕೇಳಿದಾಗ ವಿಭೂತಿ, ಪತ್ರಿ, ಹಿಡಿ ಮಣ್ಣು ಎಲ್ಲವನ್ನೂ ಹೇಳಿದೆ. ಚಪ್ಪಾಳೆ ಬಿತ್ತು. ಕಾಕಾನ ಹೆಸರು ಮಾತ್ರ ಬಾಯಿಗೆ ಬರಲಿಲ್ಲ.

ವಾಪಸು ಬರುವಷ್ಟರಲ್ಲಿ ಕಾಕಾ ತೀರಿಹೋಗಿದ್ದ. ಮನೆಗೆ ಹೋದೆ. ಅವನ ಹೆಂಡತಿ ನೀಲಮ್ಮ ಕಟ್ಟೆಯ ಮೇಲೆ ಕೂತಿದ್ದಳು.

"ದಿಬ್ಬದ ಹೆಣಕ್ಕ ಒಬ್ಬನ ಮಣ್ಣು ಹಾಕ್ಯಾನ, ಅವನ ಕೈ ಕೆಟ್ಟೈತಿ ಅಂದ್ರು ಊರಾಗ. ಆಮ್ಯಾಲ ಯಾರ ಮನ್ಯಾಗ ಸಾವಾದ್ರೂ ಕರೀಲಿಲ್ಲ. ಜೇಸಿಬಿ ತರಿಸ್ತಿದ್ರು. ಇವರಿಗೂ ಅದೇ ಬಂತು. ಗೂಡಿಲ್ಲ, ಏನಿಲ್ಲ, ತಗ್ಗಿನಾಗ ಕೂಡಿಸಿದ್ರು."

"ಅವ್ವಾ, ಅವತ್ತು ನಾನೂ ಒಂದ್ ಹಿಡಿ ಹಾಕಿದ್ದೆ."

ಅವಳು ನನ್ನನ್ನೇ ನೋಡಿದಳು. "ಇದನ್ನ ಅವರು ಇದ್ದಾಗ, ನಾಕು ಮಂದಿ ಮುಂದ ಅನ್ನಬೇಕಿತ್ತಲ್ಲೋ" ಎಂದು ಎದ್ದು ಒಳಗೆ ಹೋದಳು.

ನಾನು ಅವನ ಕುಣಿಯ ಹತ್ತಿರ ಹೋದೆ. ಚಪ್ಪಲಿ ಬಿಟ್ಟು ಹಿಮ್ಮಡಿ ಊರಿದರೆ ಮಣ್ಣು ಇನ್ನೂ ಮೆತ್ತಗಿತ್ತು. ಒಂದು ಹಿಡಿ ತೆಗೆದುಕೊಂಡು ದಾರಿಯ ಕಡೆ ನೋಡುತ್ತಾ ನಿಂತೆ. ಯಾರೂ ಬರಲಿಲ್ಲ. ಒಬ್ಬನೇ ಹೇಗೆ ಹಾಕಲಿ?