ಐದಕ್ಷರದ ಉದ್ದ

ಮದುವೆಗೆ ಮೊದಲು ಕಲಿತ ಕಂಪ್ಯೂಟರ್ ವಿದ್ಯೆಯಲ್ಲಿ ತಾಳವಾಡಿ ಬೆಟ್ಟದವರೆಗೆ ನನ್ನ ಜೊತೆ ಬಂದದ್ದು ಇದೊಂದೇ ಕೆಲಸ. ದೂರದ ಊರಿನ ಕಂಪನಿಯೊಂದರ ವೆಬ್ ಸರ್ವರಿಗೆ ಬೇಕೆಂದೇ ತಪ್ಪು ಕೋರಿಕೆ, ಅಂದರೆ ರಿಕ್ವೆಸ್ಟ್, ಕಳಿಸಿ, ಅದು ತಡೆದುಕೊಳ್ಳುತ್ತದೋ ಇಲ್ಲವೋ ನೋಡುವುದು. ಬ್ರೌಸರ್ ತಾನಾಗಿ ಅಂಥ ತಪ್ಪು ಮಾಡುವುದಿಲ್ಲ. ಅದಕ್ಕೇ ಚಿಕ್ಕ ಪ್ರೋಗ್ರಾಂ ಬರೆದು ಕೋರಿಕೆಯ ಒಂದೊಂದು ಸಾಲನ್ನೂ ನಾನೇ ಜೋಡಿಸುತ್ತಿದ್ದೆ. ಮೇಲೆ ಸಂದೇಶದ ಉದ್ದ ಹತ್ತು ಅಂತ ಬರೆದು, ಕೆಳಗೆ ಒಂಬತ್ತೇ ಅಕ್ಷರ ಇಡುತ್ತಿದ್ದೆ. ಸರ್ವರ್ ಸ್ವಲ್ಪ ಹೊತ್ತು ಹತ್ತನೆಯದಕ್ಕೆ ಕಾದು, ತಪ್ಪಾಗಿದೆ ಎಂದು ಹೇಳಿಕಳಿಸುತ್ತಿತ್ತು. ಯಜಮಾನರು ಕೋಸಿನ ಲಾರಿ ಜೊತೆ ಘಾಟಿ ಇಳಿದರೆ ನಾಲ್ಕು ದಿನ ಬರುತ್ತಿರಲಿಲ್ಲ. ಅತ್ತೆಯೊಡನೆ ನನಗೆ ಮಾತು ಕಡಿಮೆ. ಎಷ್ಟೋ ದಿನ ನನಗೆ ಉತ್ತರ ಕೊಡುತ್ತಿದ್ದದ್ದು ಆ ಯಂತ್ರವೊಂದೇ.

ಎರಡು ತಿಂಗಳಾದರೂ ಸರ್ವರಿನಲ್ಲಿ ಒಂದು ದೋಷವೂ ಸಿಗಲಿಲ್ಲ. ಶುಕ್ರವಾರದೊಳಗೆ ಸಿಗದಿದ್ದರೆ ಕೆಲಸ ಬೇರೆಯವರಿಗೆ ಎಂದು ಮೇಲ್ ಬಂತು.

ಗುರುವಾರ ಲಿಂಗಪೂಜೆ ಮುಗಿಸಿ ಕೂತೆ. ಇಂಟರ್ನೆಟ್ಟಿಗೆ ಫೋನ್ ಲೈನ್ ಸಿಕ್ಕಿದ್ದು ಶಿವನ ಒಂದು ದಯೆ, ಕರೆಂಟ್ ಇದ್ದದ್ದು ಇನ್ನೊಂದು. ಮೊದಲು ಒಂದಾದರೂ ಸರಿಯಾದದ್ದು ಕಳಿಸೋಣವೆಂದು 'ನಮಃಶಿವಾಯ' ಬರೆದು, ಉದ್ದ ಐದು ಎಂದು ಹಾಕಿದೆ. ಪಂಚಾಕ್ಷರಿ ಎಂದ ಮೇಲೆ ಎಣಿಸುವುದೇನಿದೆ? ಉತ್ತರ ಬರಲಿಲ್ಲ. ಮತ್ತೆ ಕಳಿಸಿದೆ. ಸರ್ವರ್ ಬಿದ್ದೇಹೋಗಿತ್ತು.

ಕಾರಣ ತಿಳಿಯಲು ಒಂದು ಗಂಟೆ ಹಿಡಿಯಿತು. ಬಾಯಿಗೆ ಐದಕ್ಷರವಾದರೂ ಕಂಪ್ಯೂಟರ್ ಒಂದೊಂದು ಕನ್ನಡ ಅಕ್ಷರವನ್ನೂ ಹಲವು ತುಣುಕಾಗಿ ಇಡುತ್ತದೆ; ಉದ್ದ ಎಂದರೆ ಅದಕ್ಕೆ ಆ ತುಣುಕುಗಳ ಎಣಿಕೆ. ಸರ್ವರ್ ಐದು ತುಣುಕು ತೆಗೆದುಕೊಂಡು, ಉಳಿದದ್ದನ್ನು ಹೊಸ ಕೋರಿಕೆಯೆಂದು ಓದಲು ಹೋಗಿ ಎಡವಿತ್ತು. ದೋಷ ಸಿಕ್ಕಿತು. ಆದರೆ ಕಳಿಸಿದ್ದನ್ನು ಇದ್ದಂತೆಯೇ ವರದಿಯಲ್ಲಿ ಬರೆಯಬೇಕು. ಕೈ ಬರಲಿಲ್ಲ. ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯ ಹತ್ತಿರ ಹೋದೆ.

"ಶಿವನ ಎಸ್ರು ಕಳ್ಸಿ ಆ ಮಿಷನ್ನ ಕೆಡಗ್ಬುಟ್ಟೆ ಕಣತ್ತೆ."

"ಯಾರ್ಗಾರ ಪೆಟ್ಟಾಯ್ತಾ?"

"ಇಲ್ಲ."

"ಕೆಡಗಕೆ ಅಂತ್ಲೆ ತಾನೆ ನಿನ್ನ ಮಡಿಕಂಡಿರದು?"

"ಊಂ. ಆದ್ರೂ ಆ ಎಸ್ರ ಬರ್ದು ಕೊಡಕೆ ಒಂತರಾ ಆಯ್ತದೆ."

"ತಪ್ಪು ಎಣ್ಸಿದೋಳು ನೀನು. ಶಿವ ಏನ್ ಮಾಡಾನು? ಬರ್ದಾಕೋಗು. ಎರಡ್ ತಿಂಗ್ಳಿಂದ ಬಾಯೇ ಬುಡ್ದೋಳು ಇವತ್ತಾರ ಒಂದ್ ಸುದ್ದಿ ತಂದಲ್ಲ ಅಮ್ಮಿ."

ಬರೆದು ಕಳಿಸಿದೆ. ಶುಕ್ರವಾರ ಒಂದೇ ಸಾಲಿನ ಉತ್ತರ: ದೋಷ ನಿಜ, ಕೆಲಸ ಮುಂದುವರಿಸಿ. ಅದು ಯಾವ ಲಿಪಿ, ಏನು ಬರೆದಿದೆ ಎಂದು ಯಾರೂ ಕೇಳಲಿಲ್ಲ. ಅತ್ತೆ ಆ ಬೆಳಿಗ್ಗೆಯೇ ಪಣಕಹಳ್ಳಿಯ ಮಗಳ ಮನೆಗೆ ಬಸ್ ಹತ್ತಿದ್ದರು. ಯಜಮಾನರು ಬರುವುದು ಭಾನುವಾರ. ಸಂತೋಷಪಡಲು ಮನೆಯಲ್ಲಿ ನಾನೊಬ್ಬಳೇ ಇದ್ದೆ. ಕೆಲಸ ಉಳಿಯಿತಲ್ಲ, ಅಷ್ಟು ದಯೆ ಸಾಕು ಎಂದುಕೊಂಡು, ಮುಂದಿನ ತಪ್ಪನ್ನು ಜೋಡಿಸಲು ಕೂತೆ.