ಮಳೆಯಲ್ಲಿ ಕೊಡೆ ಹಿಡಿದು ನೀರು ಹಾಕಿದ ಅಕ್ಕ

ನಾನು ಚಿಕ್ಕವಳಿದ್ದಾಗ ರಾಜಾಜಿನಗರದ ನಮ್ಮ ಬೀದಿಯಲ್ಲಿ ಅಕ್ಕನನ್ನು ‘ಅರೆಹುಚ್ಚಿ’ ಅನ್ನುತ್ತಿದ್ದರು. ಅನ್ನಲಿ ಬಿಡಿ. ಧೋ ಅಂತ ಮಳೆ ಸುರಿಯುವಾಗ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಬಿಂದಿಗೆ ಹಿಡಿದು ಗಿಡಕ್ಕೆ ನೀರು ಹಾಕುವವಳನ್ನು ಜನ ಇನ್ನೇನು ಅಂದಾರು? ಆದರೆ ಮಕ್ಕಳೇ, ಅವತ್ತು ಆ ಬೀದಿಯಲ್ಲಿ ತಲೆ ನೆಟ್ಟಗಿದ್ದದ್ದು ಅವಳೊಬ್ಬಳಿಗೇ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಆ ಗಿಡ ಒಂದು ಬಳ್ಳಿ ಗುಲಾಬಿ. ಮಲ್ಲತ್ತಹಳ್ಳಿ ಕೆರೆಯ ಹತ್ತಿರ ನಮ್ಮ ತಾತನ, ಅಂದರೆ ಅಮ್ಮನ ಅಪ್ಪನ, ತೋಟವಿತ್ತು. ತಾತ ಹೋದ ಮೇಲೆ ತೋಟಕ್ಕೆ ಕಲ್ಲು ನೆಟ್ಟು ಸೈಟು ಮಾಡಿದರು. ಬಾವಿಕಟ್ಟೆಗೆ ಹಬ್ಬಿದ್ದ ಗುಲಾಬಿಯನ್ನು ಕಿತ್ತೆಸೆಯುವ ಮುಂಚೆ ಅಕ್ಕ ಓಡಿಹೋಗಿ ಒಂದು ಕಡ್ಡಿ ಕತ್ತರಿಸಿಕೊಂಡಳು. ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು, ಗೇಟಿನ ಪಕ್ಕ ಗೋಡೆಗೆ ಒತ್ತಿದ ಮೂಲೆಯಲ್ಲಿ ನೆಟ್ಟಳು. ಮೇಲೆ ಅಗಲವಾದ ಸಜ್ಜ ಇತ್ತು. ಬಳ್ಳಿ ಸರಸರ ಹತ್ತಿ ಸಜ್ಜದ ಅಂಚು ಹಿಡಿಯಿತು, ತಿಳಿಗೆಂಪು ಗೊಂಚಲು ಬಿಟ್ಟಿತು. ಬೆಳಗ್ಗೆ ಬಾಗಿಲು ತೆಗೆದರೆ ಕಾಫಿಯ ಘಮಕ್ಕಿಂತ ಮೊದಲು ಅದರ ಘಮ ಮೂಗಿಗೆ ಬರುತ್ತಿತ್ತು. ತಾತನ ತೋಟದ್ದು ಅಂತ ನಮಗೆ ಉಳಿದದ್ದು ಅದೊಂದೇ.

ಆಮೇಲೆ ಅಕ್ಕ ಓದಲು ತುಮಕೂರಿನ ಹಾಸ್ಟೆಲಿಗೆ ಹೋದಳು. ಗಿಡ ಮನೆಯವರ ಕೈಗೆ ಬಿತ್ತು. ನೀರು ಹಾಕಲಿಲ್ಲ ಅಂದುಕೊಳ್ಳಬೇಡಿ, ದಿನಾ ಹಾಕುತ್ತಿದ್ದರು, ಅದೇ ತಮಾಷೆ. ಬೆಳಗ್ಗೆ ಅಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವಾಗ ಬಕೆಟ್ಟಿನ ತಳದಲ್ಲಿ ಉಳಿದದ್ದನ್ನು ಅದರ ಮೇಲೆ ಎರಚುತ್ತಿದ್ದರು. ಸಂಜೆ ಅಪ್ಪ ಫ್ಯಾಕ್ಟರಿಯಿಂದ ಬಂದು ಕೈಕಾಲು ತೊಳೆದು, ಚೊಂಬಿನಲ್ಲಿ ಮಿಕ್ಕಿದ್ದನ್ನು ಎಲೆಗೆ ಚಿಮುಕಿಸುತ್ತಿದ್ದರು. ಎಲೆಯ ಮೇಲೆ ಕಪ್ಪು ಚುಕ್ಕೆ ಎದ್ದವು, ಹಳದಿಯಾಗಿ ಉದುರಿದವು, ಮೊಗ್ಗು ಅರಳದೆ ಒಣಗಿತು. ಅಷ್ಟರಲ್ಲಿ ಅಪ್ಪ ಹೊಸ ಸ್ಕೂಟರ್ ತಂದರು. ಅದನ್ನು ನಿಲ್ಲಿಸಲು ಗೇಟಿನ ಒಳಗೆಲ್ಲ ಸಿಮೆಂಟು ಮಾಡಿಸಬೇಕು, ಗೋಡೆಯವರೆಗೂ. ದಿನಾ ನೀರು ಕುಡಿದೂ ಸಾಯುವ ಗಿಡ ನನಗ್ಯಾಕೆ, ಮನೆ ಮುಂದೆ ಮುಳ್ಳು ಬೇರೆ, ಅಂತ ಗೊಣಗಿ ಗಾರೆಯವನಿಗೆ ಸೋಮವಾರ ಬರಹೇಳಿದರು.

ಅಕ್ಕ ರಜೆಗೆ ಬಂದದ್ದು ಶನಿವಾರ ಸಂಜೆ. ಗಿಡ ನೋಡಿ ಅವಳ ಮುಖ ಸಣ್ಣದಾಯಿತು. ರಾತ್ರಿ ಊಟ ಬೇಗ ಮುಗಿಸಿ ಎದ್ದು, ಮಣ್ಣು ಕೆದಕುವ ಕುರ್ಪಿ ಹುಡುಕಿ ಬಾಗಿಲ ಹಿಂದೆ ಇಟ್ಟುಕೊಂಡಳು. ಏನೋ ಕಾದಿದೆ ಅಂತ ನನಗೆ ಗೊತ್ತಾಯಿತು.

ಭಾನುವಾರ ಬೆಳಗ್ಗೆಯೇ ಮಳೆ ಹಿಡಿಯಿತು. ಒಳಗೆ ಬಸ್ಸಾರಿನ ಒಗ್ಗರಣೆ ಚಟಪಟ ಅನ್ನುತ್ತಿತ್ತು, ಹೊರಗೆ ಚರಂಡಿ ತುಂಬಿ ಬೀದಿಯೆಲ್ಲ ಕೆಂಪು ನೀರು. ನಮ್ಮ ತಾರಸಿಯ ಕೊಳವೆಯಿಂದ ನೀರು ಬಕೆಟ್ಟಿಗೆ ದಬದಬ ಬೀಳುತ್ತಿತ್ತು. ಅಕ್ಕ ಕುರ್ಪಿ ತಗೊಂಡು ಗಿಡದ ಸುತ್ತ ಮಣ್ಣಿನ ಏರಿ ಕಟ್ಟಿ ಪಾತಿ ಮಾಡಿದಳು. ಆಮೇಲೆ ಕೊಡೆ ಬಿಚ್ಚಿದಳು, ಬಿಂದಿಗೆ ತುಂಬಿದಳು, ಒಂದು ಕಡೆಯಿಂದ ಬುಡಕ್ಕೆ ನಿಧಾನವಾಗಿ ಹುಯ್ಯತೊಡಗಿದಳು.

ಮಳೆಗೆ ಜಗುಲಿಯಲ್ಲಿ ಕೂತಿದ್ದ ಜನಕ್ಕೆ ಇದಕ್ಕಿಂತ ಇನ್ನೇನು ಬೇಕು? ಎದುರುಮನೆಯವರು, ಹಾಗೇ ಮಲ್ಲತ್ತಹಳ್ಳಿ ಕೆರೆಗೂ ಒಂದು ಬಿಂದಿಗೆ ಹುಯ್ದು ಬಾರಮ್ಮ ಅಂದರು. ಇಡೀ ಸಾಲು ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಅಕ್ಕ ತಿರುಗಿಯೂ ನೋಡಲಿಲ್ಲ.

ನಗು ಕೇಳಿ ಅಪ್ಪ ಬನಿಯನ್ನಿನಲ್ಲೇ ಹೊರಗೆ ಬಂದರು. ಕಿವಿ ಕೆಂಪಾಗಿತ್ತು. ಬೀದೀಲಿ ಮಾನ ಕಳೀಬೇಡ, ನಾಳೆ ಹೇಗೂ ಹೋಗೋ ಗಿಡ, ಒಳಗೆ ಬಾ ಅಂತ ಗದರಿದರು. ಅಕ್ಕ ಬಿಂದಿಗೆ ಕೆಳಗಿಟ್ಟು, ಲಂಗ ಎತ್ತಿ ಕಟ್ಟಿ, ಪಾತಿಯ ಪಕ್ಕ ಕೆಸರಿನಲ್ಲೇ ಚಕ್ಕಂಬಕ್ಕಳ ಹಾಕಿ ಕೂತಳು. ಅಪ್ಪನ ಮುಂದೆ ಹಾಗೆ ಕೂತವರನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾನೂ ಓಡಿಹೋಗಿ ಅವಳ ಪಕ್ಕ ಕೂತೆ. ಮುಳ್ಳು ತೋಳಿಗೆ ಗೀರಿತು. ಗೀರಲಿ ಅಂದುಕೊಂಡೆ.

“ಬೈಯೋದನ್ನ ಆಮೇಲೆ ಬೈಯಿರಿ ಅಪ್ಪ,” ಅಂದಳು ಅಕ್ಕ. “ಮೊದ್ಲು ಈ ಕಡೆ, ನಾನಿನ್ನೂ ನೀರು ಹಾಕದೇ ಇರೋ ಕಡೆ, ಕೈ ಹಾಕಿ ನೋಡಿ.”

ಈ ನಾಟಕ ಮುಗಿದರೆ ಸಾಕು ಅಂತ ಅಪ್ಪ ಕುಕ್ಕರಗಾಲಲ್ಲಿ ಕೂತು ಮಣ್ಣಿಗೆ ಬೆರಳು ಇಳಿಸಿದರು. ಮೇಲೆ ಹಪ್ಪಳದಷ್ಟು ತೇವ, ಅದರ ಕೆಳಗೆ ರಾಗಿ ಹಿಟ್ಟಿನ ಹಾಗೆ ಒಣ ಪುಡಿ. ಅಗಲವಾದ ಸಜ್ಜ ಮಳೆಯನ್ನು ಆ ಮೂಲೆಗೆ ಬಿಟ್ಟೇ ಇರಲಿಲ್ಲ. ಊರೆಲ್ಲ ನೀರಾಗಿರುವಾಗ ಅಪ್ಪನ ಅಂಗೈಯಲ್ಲಿ ಧೂಳು. ಎದುರುಮನೆಯವರು ಜಗುಲಿಯಿಂದ ಇಳಿದು ಕತ್ತು ಚಾಚಿ ನೋಡಿದರು.

“ದಿನಾ ಎಲ್ಲರೂ ಇದಕ್ಕೆ ನೀರು ತೋರಿಸಿದ್ರಿ,” ಅಂದಳು ಅಕ್ಕ. “ಒಬ್ಬರೂ ಕುಡಿಸಲಿಲ್ಲ.”

ಅದು ತಾತನ ಮಾತು. ತೋಟದಲ್ಲಿ ಯಾರಾದರೂ ಆತುರಕ್ಕೆ ನೀರು ಚೆಲ್ಲಿ ಎದ್ದರೆ, ಗಿಡಕ್ಕೇನು ನೀರು ತೋರಿಸೋಕೆ ಬಂದ್ರಾ ಅಂತ ರೇಗುತ್ತಿದ್ದರಂತೆ.

ಅಪ್ಪ ‘ಸೋತೆ’ ಅನ್ನುವ ಆಸಾಮಿಯಲ್ಲ. ಎದ್ದರು, ಖಾಲಿ ಬಿಂದಿಗೆ ತಗೊಂಡು ಹೋಗಿ ಕೊಳವೆಗೆ ಹಿಡಿದು ತುಂಬಿದರು, ತಂದು ಅಕ್ಕನ ಮುಂದೆ ಇಟ್ಟರು. ಗಾರೆಯವನಿಗೆ ಈ ಮೂಲೆ ಬಿಟ್ಟು ಹಾಕು ಅಂತ ಹೇಳ್ತೀನಿ ಅಂದು ಬೆನ್ನು ಹಾಕಿ ಒಳಗೆ ಹೋದರು. ಮೂಲೆ ಬಿಟ್ಟ ಮೇಲೆ ಸ್ಕೂಟರ್ ಒಳಗೆ ಹಿಡಿಯಲಿಲ್ಲ. ಆ ಮಳೆಗಾಲವೆಲ್ಲ ಅದು ಬೀದಿಯಲ್ಲೇ ನೆನೆಯಿತು. ಅಪ್ಪ ದಿನಾ ಬೈದುಕೊಂಡು ಒರೆಸಿದರು, ಗಿಡದ ತಂಟೆಗೆ ಮಾತ್ರ ಬರಲಿಲ್ಲ. ಎದುರುಮನೆಯವರೇ ಆಮೇಲೆ ಬೀದಿಯೆಲ್ಲ ಹೇಳಿಕೊಂಡು ಬಂದರು, ಆ ಹುಡುಗಿ ಅಪ್ಪನಿಗೇ ನೀರು ಕುಡಿಸಿಬಿಟ್ಟಳು ಅಂತ. ಅಕ್ಕನಿಗೆ ಆ ಮಾತು ಕೇಳಿ ಬಹಳ ಖುಷಿಯಾಗಿತ್ತು.

ಹಾಸ್ಟೆಲಿಗೆ ಹೊರಡುವ ಮುಂಚೆ ನನ್ನನ್ನು ಗಿಡದ ಹತ್ತಿರ ನಿಲ್ಲಿಸಿ ಪಾಠ ಹೇಳಿದಳು. ಬೇಸಿಗೆಯಲ್ಲಿ ಪಾತಿ ತುಂಬ ಹುಯ್ಯಿ, ಮಣ್ಣಿನ ಗುಳುಗುಳು ನಿಲ್ಲೋವರೆಗೂ. ಮೇಲೆ ಒಣಗಿದ ಎಲೆ ಹೊದಿಸು. ಆಮೇಲೆ ಬೆರಳು ಇಳಿಸಿ ಒಣಗಿದೆ ಅನ್ನಿಸೋವರೆಗೂ ಮುಟ್ಟಬೇಡ, ಬೇರು ನೀರು ಹುಡುಕಿಕೊಂಡು ಕೆಳಗೆ ಹೋಗಲಿ. ಮಳೆ ಬಂತು ಅಂತ ಮೈಮರೀಬೇಡ, ಸಜ್ಜದ ಕೆಳಗೆ ಮಳೆ ಬರಲ್ಲ. ಗಾಳಿಮಳೆಗೆ ಪಾತೀಲಿ ನೀರು ನಿಂತರೆ ಏರಿ ಒಡೆದುಬಿಡು. ಚಳಿಗಾಲದಲ್ಲಿ ಅದಕ್ಕೆ ದಾಹ ಕಡಿಮೆ, ಆದರೆ ಇರುತ್ತೆ. ಹಾಕೋದಾದರೆ ಬೆಳಗ್ಗೆ ಹಾಕು, ಬುಡಕ್ಕೆ ಹಾಕು, ಸಂಜೆ ಎಲೆಗೆ ಎರಚಿದರೆ ನಿನ್ನ ಕೈ ಮುರೀತೀನಿ. ಹೀಗಿತ್ತು ಅವಳ ಪ್ರೀತಿ. ಯುಗಾದಿಯ ಹೊತ್ತಿಗೆ ಸಜ್ಜ ಕಾಣದ ಹಾಗೆ ಹೂ ಬಿಟ್ಟಿತ್ತು.

ಈಗ ನಿಮ್ಮ ಕಾಲ. ಬಸವೇಶ್ವರನಗರದ ಈ ಅಪಾರ್ಟ್‌ಮೆಂಟಿನಲ್ಲಿ ಪಾರ್ಕಿಂಗ್ ಪಕ್ಕದ ಕಂಬಕ್ಕೆ ಹಬ್ಬಿದೆಯಲ್ಲ, ಅದು ಅದೇ ಗಿಡದ ಕಡ್ಡಿ. ನಿಮ್ಮಪ್ಪ ಅದಕ್ಕೆ ಸಣ್ಣ ಪೈಪು, ಟೈಮರ್ ಹಾಕಿಸಿದ್ದಾನೆ. ದಿನಾ ಒಂದು ಗುಟುಕು ತೊಟ್ಟಿಕ್ಕುತ್ತದೆ, ನೀವು ಫೋನ್ ನೋಡಿ ‘ಅಜ್ಜಿ, ನೀರಾಯ್ತು’ ಅನ್ನುತ್ತೀರಿ. ನಾನು ಬೆರಳು ಇಳಿಸಿದರೆ ಅದೇ ರಾಗಿ ಹಿಟ್ಟು. ನಿಮ್ಮ ಫೋನಿಗೆ ಮಳೆ ಯಾವಾಗ ಅಂತ ಗೊತ್ತು, ಟ್ಯಾಂಕರ್ ಎಲ್ಲಿದೆ ಅಂತ ಗೊತ್ತು, ಒಪ್ಪಿದೆ. ಆದರೆ ಅದರ ಉಗುರಲ್ಲಿ ಮಣ್ಣಿಲ್ಲ. ನಿಮ್ಮ ಉಗುರಲ್ಲಿ ಇರಬಹುದು, ಯಾರು ಬೇಡ ಅಂದವರು?

ಅಸೋಸಿಯೇಷನ್ನಿನವರು ವಾಟ್ಸಾಪಿನಲ್ಲಿ ಹಾಕಿದ್ದಾರಂತೆ, ಈ ಗಿಡ ಸುಮ್ಮನೆ ನೀರು ದಂಡ, ಭಾನುವಾರ ತೆಗೆಸಿ ಇನ್ನೊಂದು ಕಾರಿಗೆ ಜಾಗ ಮಾಡುತ್ತೇವೆ ಅಂತ. ಬರಲಿ. ಪೈಪು ಕಿತ್ತು ಪಾತಿ ಕಟ್ಟಿಟ್ಟಿದ್ದೇನೆ. ನೆಲದ ಮೇಲೆ ಕೂರಲು ಮಂಡಿ ಬಿಡುವುದಿಲ್ಲ, ಅದಕ್ಕೇ ಪ್ಲಾಸ್ಟಿಕ್ ಕುರ್ಚಿ ಇಡಿಸಿದ್ದೇನೆ. ಮಳೆ ಬಂದರೂ ನಾನು ಏಳುವವಳಲ್ಲ, ಕೊಡೆ ನೀವು ಹಿಡಿಯಿರಿ. ನೀರು ಕುಡಿಸೋಣ. ಮೊದಲು ಗಿಡಕ್ಕೆ, ಆಮೇಲೆ ಅಸೋಸಿಯೇಷನ್ನಿಗೆ.