ಇಲಿಯ ಕ್ಯಾಸೆಟ್ಟಿಗೆ ಊದಿದ ಬುಧವಾರ

ಟೀವಿ ಗೇಮಿನ ಕ್ಯಾಸೆಟ್ ನಡೆಯದಿದ್ದರೆ ಅದಕ್ಕೆ ಬಾಯಿಂದ ಊದಬೇಕು. ಇದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಸೂರತ್ತಿನ ಮಕ್ಕಳಿಗೆಲ್ಲ ಗೊತ್ತಿತ್ತು ಅಷ್ಟೆ. ಕ್ಯಾಸೆಟ್ಟನ್ನು ತುಟಿಗೆ ಹಚ್ಚಿ, ಕೆನ್ನೆ ಉಬ್ಬಿಸಿ, ಈ ತುದಿಯಿಂದ ಆ ತುದಿಗೆ ಒಂದು ಸಲ ಊದಿ ಮತ್ತೆ ಟೀವಿಗೆ ಜೋಡಿಸಿದ ಗೇಮಿನ ಡಬ್ಬಿಗೆ ತುರುಕಿದರೆ ಪರದೆ ಮೇಲೆ ಚಿತ್ರ ಮೂಡುತ್ತಿತ್ತು.

ನಮ್ಮಲ್ಲಿ ಆ ಡಬ್ಬಿ ಇರಲಿಲ್ಲ. ಅಪ್ಪ ವಿಮಾ ಕಚೇರಿಯವರು, ಧಾರವಾಡದಿಂದ ವರ್ಗವಾಗಿ ಬಂದವರು. ಡಬ್ಬಿ ಇದ್ದದ್ದು ಎದುರು ಫ್ಲ್ಯಾಟಿನ ಗೆಳತಿಯ ಮನೆಯಲ್ಲಿ. ಅವಳ ಅಪ್ಪನಿಗೆ ವರಾಛಾದಲ್ಲಿ ವಜ್ರಕ್ಕೆ ಪಾಲಿಶ್ ಮಾಡುವ ಕಾರ್ಖಾನೆಯಿತ್ತು. ರವಿವಾರ ಟೀವಿಯಲ್ಲಿ ಬರುತ್ತಿದ್ದ ಕಾರ್ಟೂನಿನ ಇಲಿ ಅವಳ ಕ್ಯಾಸೆಟ್ಟಿನಲ್ಲೂ ಇತ್ತು. ಕೊಡೆ ಹಿಡಿದು ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಿತ್ತು. ಅದಕ್ಕಾಗಿ ನಾನು ಆಗ ಏನು ಬೇಕಾದರೂ ಮಾಡುತ್ತಿದ್ದೆ.

ಗಣಪತಿ ಕಳಿಸಿದ ವಾರ ಗೆಳತಿಗೆ ಕೆಮ್ಮು ಹತ್ತಿತು. ಅವಳ ಕೆಮ್ಮು ನಿಲ್ಲುವ ತನಕ ಆ ಮನೆಗೆ ಕಾಲಿಡಬಾರದೆಂದು ಅವ್ವ ರವಿವಾರವೇ ಹೇಳಿದ್ದಳು. ಬುಧವಾರ ಅವ್ವ ಹಿಟ್ಟಿನ ಗಿರಣಿಗೆ ಹೋದದ್ದೇ ತಡ, ನಾನು ಐದು ವರ್ಷದ ತಮ್ಮನ ಕೈ ಹಿಡಿದುಕೊಂಡು ಎದುರು ಬಾಗಿಲು ಬಡಿದೆ. ಅವತ್ತು ಇಲಿ ಏಳಲೇ ಇಲ್ಲ. ಗೆಳತಿ ಊದಿದಳು, ಕೆಮ್ಮಿದಳು, ಮತ್ತೆ ಊದಿದಳು. "ಫೂಂಕ್ ಮಾರ್" ಎಂದು ನನ್ನ ಕೈಗೆ ಕೊಟ್ಟಳು. ನಾನೂ ಊದಿದೆ, ಆಗಲಿಲ್ಲ. ಆಮೇಲೆ ತಮ್ಮನ ಬಾಯಿಗೆ ಹಿಡಿದೆ. ಅವನು ಊದಿದರೆ ಯಾವಾಗಲೂ ನಡೆಯುತ್ತಿತ್ತು. ನಡೆಯಿತು. ಮೂವರೂ ಚಪ್ಪಾಳೆ ತಟ್ಟಿದೆವು. ಬರುವಾಗ ಕ್ಯಾಸೆಟ್ ಕೊಡೆಂದು ಕೇಳಿದೆ, ಅವಳು ಕೊಟ್ಟಳು. ಡಬ್ಬಿಯೇ ಇಲ್ಲದ ಮನೆಗೆ ಕ್ಯಾಸೆಟ್ ಯಾಕೆ ತಂದೆನೋ, ಮೇಲಿನ ಚಿತ್ರ ನೋಡುತ್ತ ಕೂಡಲಿಕ್ಕೆ ಇರಬೇಕು.

ಗುರುವಾರ ಊರಿಗೆ ಪ್ಲೇಗ್ ಬಂದಿದೆ ಎಂದರು. ಮಧ್ಯಾಹ್ನದ ಹೊತ್ತಿಗೆ ಬೀದಿಯ ತುಂಬ ಮೂಗಿಗೆ ಕರವಸ್ತ್ರ ಕಟ್ಟಿದ ಜನ. ಗೆಳತಿಗೆ ಜ್ವರ ಏರಿ, ಅವಳ ಅಪ್ಪ ಚಾದರದಲ್ಲಿ ಸುತ್ತಿ ರಿಕ್ಷಾದಲ್ಲಿ ಕರೆದೊಯ್ದದ್ದನ್ನು ನಾನೂ ಅವ್ವನೂ ಕಿಟಕಿಯಿಂದ ನೋಡಿದೆವು. ಕೆಳಗಿನ ಮನೆಯ ಡಾಕ್ಟರು ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಹೇಳುತ್ತಿದ್ದರು: ಇದು ಇಲಿಯಿಂದ ಬರುತ್ತದೆ, ಆಮೇಲೆ ಒಬ್ಬರ ಉಸಿರಿನಿಂದ ಒಬ್ಬರಿಗೆ ಹಬ್ಬುತ್ತದೆ, ರೋಗಿಯ ಹತ್ತಿರ ಹೋದವರಿಗೆ ಎಂಟು ದಿನ ಜ್ವರ ಬರದಿದ್ದರೆ ಭಯವಿಲ್ಲ.

ಉಸಿರು ಎಂಬ ಮಾತು ಕೇಳಿ ನನಗೆ ಕ್ಯಾಸೆಟ್ಟಿನ ನೆನಪಾಯಿತು. ಅಪ್ಪ ಸಾಲಿನಲ್ಲಿ ನಿಂತು ಗುಳಿಗೆ ತಂದರು, ನನಗೂ ಅವ್ವನಿಗೂ ಕೊಟ್ಟರು. ಎಂಟು ವರ್ಷದೊಳಗಿನವರಿಗೆ ಅದನ್ನು ಕೊಡಬಾರದಂತೆ. ತಮ್ಮನಿಗೆ ಏನೂ ಇರಲಿಲ್ಲ. ನಾನು ಕ್ಯಾಸೆಟ್ಟನ್ನು ಹಳೆ ಲಂಗದಲ್ಲಿ ಸುತ್ತಿ ನನ್ನ ಚೀಲದ ತಳಕ್ಕೆ ತುರುಕಿದೆ.

ಕಚೇರಿಯ ಕೀಲಿಕೈ ಅಪ್ಪನ ಹತ್ತಿರ ಇತ್ತು, ಅವರು ಬರುವಂತಿರಲಿಲ್ಲ. ಶುಕ್ರವಾರ ನಮ್ಮ ಮೂವರನ್ನೂ ವಡೋದರಾದ ಗಾಡಿಗೆ ಕಿಟಕಿಯಿಂದಲೇ ತುರುಕಿದರು. ಅಲ್ಲಿ ಅಪ್ಪನ ಹಳೆಯ ಸಹೋದ್ಯೋಗಿಯ ಮನೆ, ಅವರೂ ಧಾರವಾಡದ ಕಡೆಯವರೇ. ಅವರ ಹೆಂಡತಿ ಬಾಗಿಲಲ್ಲೇ ನಮ್ಮನ್ನು ನಿಲ್ಲಿಸಿದರು. ಒಳಗೆ ಬಾಣಂತನಕ್ಕೆ ಬಂದ ಮಗಳು, ಒಂದೂವರೆ ತಿಂಗಳ ಕೂಸು.

"ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಬಿಲ್ಡಿಂಗಿನ್ಯಾಗ ಯಾರಿಗರೆ ಜ್ವರ ಬಂದದೇನ್ರಿ?"

"ಇಲ್ರಿ ವೈನಿ, ಯಾರಿಗೂ ಇಲ್ಲ" ಅಂದಳು ಅವ್ವ.

ಹಿಂದಿನ ದಿನ ಕಿಟಕಿಯಲ್ಲಿ ನನ್ನ ಪಕ್ಕ ನಿಂತು ನೋಡಿದವಳು! ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಲಿಲ್ಲ. ಹೊಸಿಲು ದಾಟುವ ಮೊದಲೇ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು: "ವೈನಿ, ನಾ ಹೊರಗಾಗೇನ್ರಿ. ಹಿತ್ತಲ ಪಡಸಾಲ್ಯಾಗ ಇರ್ತೇನಿ. ಹುಡುಗ್ರೂ ನನ್ನ ಮುಟ್ಯಾರ, ನನ್ನ ಕಡೇನೇ ಇರಲಿ."

ವೈನಿಗೆ ಬಲು ಸಂತೋಷವಾಯಿತು. ಪರಊರಿಗೆ ಬಂದೂ ಇಷ್ಟು ಪಾಲಿಸುತ್ತೀರಲ್ಲ ಎಂದು ಹೊಗಳಿ, ಮುಂದಿನ ಬಾಗಿಲು ಬಿಟ್ಟು ಸುತ್ತಿಕೊಂಡು ಹಿತ್ತಲಿಗೆ ಬರಲು ಹೇಳಿದರು. ನನಗೆ ತಲೆಬುಡ ತಿಳಿಯಲಿಲ್ಲ. ಸೂರತ್ತಿಗೆ ಬಂದಾಗಿನಿಂದ ಅವ್ವ ತಿಂಗಳಿನ ಮೂರು ದಿನ ಹೊರಗೆ ಕೂತದ್ದೇ ಇಲ್ಲ. ನಾನು ಕೂತರೆ ಅಡಿಗೆ ಮಾಡುವವರು ನಿಮ್ಮಪ್ಪನೇ ಎಂದು ನಗುತ್ತಿದ್ದವಳು. ಈಗ ಮೂವರಿಗೂ ಬೇರೆ ತಾಟು, ಬೇರೆ ಲೋಟ, ಬೇರೆ ಚಾಪೆ. ತಮ್ಮ ಒಳಗೆ ಓಡಲು ಹೋದರೆ ರಟ್ಟೆ ಹಿಡಿದು ಕೂಡಿಸುತ್ತಿದ್ದಳು. ಕಂಡವರ ಕೂಸನ್ನೆಲ್ಲ ಕಸಿದುಕೊಂಡು ಮುದ್ದಾಡುವವಳು ಈ ಕೂಸು ಅತ್ತರೆ ಗೋಡೆ ಕಡೆ ಮುಖ ಮಾಡುತ್ತಿದ್ದಳು.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ನಾನು ಗಳಿಗೆಗೊಮ್ಮೆ ತಮ್ಮನ ಹಣೆ ಮುಟ್ಟುತ್ತಿದ್ದೆ. ಮುಟ್ಟಿ ಮುಟ್ಟಿ ನನ್ನ ಅಂಗೈ ಬಿಸಿಯೋ ಅವನ ಹಣೆ ಬಿಸಿಯೋ ತಿಳಿಯದಂತಾಗಿತ್ತು. ಅವನು ಸತ್ತರೆ ನಾನೇ ಕೊಂದ ಹಾಗೆ ಎಂದು ಸ್ಪಷ್ಟವಾಗಿ ಗೊತ್ತಿತ್ತು. ಹತ್ತು ವರ್ಷದವರಿಗೆ ಇಂಥವು ಚೆನ್ನಾಗಿಯೇ ಗೊತ್ತಿರುತ್ತವೆ.

ಸೋಮವಾರ ನಾಲ್ಕನೆಯ ದಿನ. ವೈನಿ ಬಚ್ಚಲಲ್ಲಿ ನೀರು ಕಾಯಿಸಿದ್ದರು. "ತಲಿ ಮ್ಯಾಲೆ ನೀರ ಹಾಕ್ಕೊಂಡ ಬರ್ರಿ, ಇವತ್ತ ನಮ್ಮ ಕೂಸಿನ್ನ ಎತಿಗೊಳ್ಳೂದನ" ಎಂದು ಒಳಗಿನಿಂದ ಕೂಗಿದರು. ಅವ್ವ ಬೆರಳಲ್ಲಿ ಏನೋ ಎಣಿಸಿ, ನಿಟ್ಟುಸಿರು ಬಿಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದಳು. ಚಾಪೆಯ ಮೇಲೆ ತಮ್ಮ ಕೆಮ್ಮಿದ.

ಒಂದೇ ಸಲ, ಸಣ್ಣದಾಗಿ.

"ಅವ್ವಾ, ನಾವು ಬುಧವಾರ ಆಕಿ ಮನಿಗೆ ಹೋಗಿದ್ವಿ" ಅಂದೆ. ಚೀಲದಿಂದ ಕ್ಯಾಸೆಟ್ ತೆಗೆದು ಅವಳ ಮುಂದಿಟ್ಟೆ. "ಆಕಿ ಊದಿದ ಮ್ಯಾಲೆ ನಾ ಊದೇನಿ. ಇವನ ಕಡೇನೂ ಊದಿಸೇನಿ."

ಹೊಡೆಯುತ್ತಾಳೆ ಎಂದುಕೊಂಡೆ. ಅವ್ವ ಕ್ಯಾಸೆಟ್ ಮೇಲಿನ ಇಲಿಯನ್ನು ನೋಡಿದಳು, ತಮ್ಮನನ್ನು ನೋಡಿದಳು. ಆಮೇಲೆ ಮತ್ತೆ ಬೆರಳು ಮಡಿಚತೊಡಗಿದಳು. "ಬುಧವಾರ, ಗುರುವಾರ..." ಎಣಿಸುತ್ತ ಮುಂದಿನ ಗುರುವಾರಕ್ಕೆ ಬಂದು ನಿಂತಳು. "ರವಿವಾರದ ಮ್ಯಾಲೆ ನೀವು ಆಕಿ ಮನಿಗೆ ಹೋಗಿಲ್ಲಂತ ನಾ ಅವತ್ತಿಂದ ಎಣಸ್ಲಿಕ್ಕೆ ಹತ್ತಿದ್ದೆ. ಇವತ್ತಿಗೆ ಎಂಟ ಆತಂತ ಕೂಸಿನ್ನ ಎತಿಗೊಳ್ಳಲಿಕ್ಕೆ ಹೊಂಟಿದ್ನಲ್ಲಾ."

ಹೊರಗಾದದ್ದು ನಮ್ಮನ್ನು ಕೂಸಿನಿಂದ ದೂರ ಇಡಲು ಹೇಳಿದ ಸುಳ್ಳು ಎಂದು ಆಗ ನನಗೆ ಹೊಳೆಯಿತು. ಅವ್ವನಿಗೂ ನನ್ನಷ್ಟೇ ಹೆದರಿಕೆಯಿತ್ತು. ಅದು ತಿಳಿದ ಮೇಲೆ ನನ್ನ ಹೆದರಿಕೆ ಎರಡು ಪಟ್ಟಾಯಿತು. ಅವಳು ಟವೆಲ್ಲನ್ನು ಮಡಿಚಿ ಹಗ್ಗದ ಮೇಲೆ ಹಾಕಿ, ಒಳಗೆ ಕೂಗಿದಳು: "ವೈನಿ, ಇನ್ನೂ ನಿಂತಿಲ್ರಿ!"

ನೀರು ತಣ್ಣಗಾಯಿತು. ವೈನಿ ಒಳಗೆ ಗೊಣಗಿದರು, ಡಾಕ್ಟರಿಗಾದರೂ ತೋರಿಸಿರಿ ಎಂದರು. ಅವ್ವ ತಮ್ಮನ ಚಾಪೆಯನ್ನು ಎಲ್ಲಕ್ಕೂ ದೂರದ ಮೂಲೆಗೆ ಎಳೆದು, ಅವನ ಪಕ್ಕ ತಾನೇ ಮಲಗಿದಳು, ನನ್ನನ್ನು ಹತ್ತಿರ ಬಿಡಲಿಲ್ಲ. ಕ್ಯಾಸೆಟ್ಟನ್ನು ಹಪ್ಪಳದಂತೆ ಬಿಸಿಲಿಗೆ ಇಟ್ಟಳು, ದಿನಕ್ಕೆರಡು ಸಲ ಮಗ್ಗಲು ತಿರುಗಿಸಿದಳು. ಸೋಮವಾರ ಕೆಮ್ಮಿದವನು ಮಂಗಳವಾರ ಕೆಮ್ಮಲಿಲ್ಲ. ಗುರುವಾರ ಬೆಳಿಗ್ಗೆ ಅವ್ವ ತಲೆಗೆ ನೀರು ಹಾಕಿಕೊಂಡು ಬಂದು ಕೂಸನ್ನು ಎತ್ತಿಕೊಂಡಳು. ಎತ್ತಿಕೊಂಡು ಹೋ ಎಂದು ಅತ್ತಳು. ಗಂಡ ಸೂರತ್ತಿನಲ್ಲೇ ಉಳಿದಿದ್ದಾನೆ, ಪಾಪ, ಎಂದು ವೈನಿ ಬೆನ್ನು ಸವರಿದರು.

ಬಾಗಿಲಲ್ಲಿ ಹೇಳಿದ ಆ ಮೊದಲ ಸುಳ್ಳಿಗೆ ನಾನು ಅವ್ವನನ್ನು ಇಂದಿಗೂ ಪೂರ್ತಿ ಕ್ಷಮಿಸಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಗೆಳತಿಗೆ ಬಂದದ್ದು ಮಲೇರಿಯಾ. ದೀಪಾವಳಿಗೆ ಮೊದಲೇ ತೆಳ್ಳಗಾಗಿ ವಾಪಸಾದಳು. ಅಪ್ಪನಿಗೂ ಏನೂ ಆಗಿರಲಿಲ್ಲ. ನಾವು ಸೂರತ್ತಿಗೆ ಮರಳಿದ ಮೊದಲ ದಿನವೇ ಗೆಳತಿಯ ಮನೆಯಲ್ಲಿ ಮೂವರೂ ಟೀವಿಯ ಮುಂದೆ ಕೂತೆವು, ಕ್ಯಾಸೆಟ್ ಹಾಕಿದೆವು, ಇಲಿ ಏಳಲಿಲ್ಲ. ಗೆಳತಿ ಅದನ್ನು ಹೊರಗೆಳೆದು, ಊದದೆ, ಸುಮ್ಮನೆ ನನ್ನ ಕೈಗೆ ಕೊಟ್ಟಳು. ನಾನೂ ಊದಲಿಲ್ಲ. ತಮ್ಮ ಮಾತ್ರ ಹಿಂದಿನಂತೆಯೇ ಕೆನ್ನೆ ಉಬ್ಬಿಸಿಕೊಂಡು ಮುಂದೆ ಬಂದ. ನಾನು ಅವನ ಬಾಯಿ ಮುಚ್ಚಿ ಹಿಡಿದೆ. ಅವನು ಒದ್ದಾಡಿ ನನ್ನ ಅಂಗೈ ಕಚ್ಚಿದ. ರಕ್ತ ಬಂತು, ನಾನು ಕೈ ತೆಗೆಯಲಿಲ್ಲ.